ಹನಿಯ ಅಂಚಿನಲ್ಲಿ ಕೋನ ಕಂಡ ವೈದ್ಯ

ಬೆಳಗಿನ ಹಾಲಿನ ಪೊಟ್ಟಣದಿಂದ ರಾತ್ರಿಯ ಬ್ರೆಡ್ಡಿನ ಹೊದಿಕೆಯವರೆಗೆ ನಮ್ಮ ದಿನವನ್ನು ಸುತ್ತಿಕೊಂಡಿರುವ ಪ್ಲಾಸ್ಟಿಕ್ ಹಾಳೆಗಳ ಮೇಲೆಲ್ಲ ಅಕ್ಷರಗಳಿವೆ. ಕೊಬ್ಬಿನ ಪ್ರಮಾಣ, ಬೆಲೆ, ಬಳಸಬೇಕಾದ ಕೊನೆಯ ದಿನಾಂಕ, ಮಕ್ಕಳ ಕೈಗೆಟುಕದಂತೆ ಇಡಬೇಕೆಂಬ ಎಚ್ಚರಿಕೆ ಎಲ್ಲವೂ ಅಲ್ಲಿರುತ್ತವೆ. ಈ ಅಕ್ಷರಗಳು ಅಲ್ಲಿ ನಿಂತಿರುವುದೇ ಒಂದು ಸೋಜಿಗವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಕಾಗದ ಶಾಯಿಯನ್ನು ಹೀರಿಕೊಳ್ಳುತ್ತದೆ, ಪಾಲಿಥಿನ್ ಹೀರುವುದಿಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದ ನೀರಿನಂತೆ ಅದರ ಮೇಲಿನ ದ್ರವವೂ ಹನಿಗಟ್ಟಿ ಜಾರಿಹೋಗಲು ನೋಡುತ್ತದೆ. ಹಾಗೆ ಜಾರಿದರೆ ಬಣ್ಣ ಕೆಡುತ್ತದೆ ಎನ್ನುವುದಷ್ಟೇ ಸಮಸ್ಯೆಯಲ್ಲ. ಕೈಯ ಬೆವರಿಗೆ, ತಂಪುಪೆಟ್ಟಿಗೆಯ ತೇವಕ್ಕೆ ದಿನಾಂಕವೂ ಎಚ್ಚರಿಕೆಯೂ ಅಳಿಸಿಹೋಗುತ್ತವೆ.

ಆದ್ದರಿಂದಲೇ ಮುದ್ರಣಕ್ಕೆ ಅಥವಾ ಲೇಪನಕ್ಕೆ ಮೊದಲು ಹಾಳೆಯ ಮೇಲ್ಮೈ ಶಕ್ತಿಯನ್ನು ಅಳೆಯುವ ಪದ್ಧತಿ ಕಾರ್ಖಾನೆಗಳಲ್ಲಿ ಬೆಳೆದುಬಂದಿದೆ. ಶಾಯಿಯನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ಹಾಳೆ ಇದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯುವ ಕ್ರಮ ಅದು. ಈ ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬ ಸೂತ್ರವನ್ನು ಹಾಕಿಕೊಟ್ಟವನು ಪ್ಲಾಸ್ಟಿಕ್ಕನ್ನು ಕಂಡವನೇ ಅಲ್ಲ. 1804ರ ಡಿಸೆಂಬರ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ದ್ರವಗಳ ಅಂಟುಗುಣವನ್ನು ಕುರಿತು ಬಂದ ಪ್ರಬಂಧವೊಂದರಲ್ಲಿ ಅದರ ಬೀಜವಿತ್ತು. ಬರೆದವನು ವೃತ್ತಿಯಿಂದ ವೈದ್ಯ. ಹೆಸರು ಥಾಮಸ್ ಯಂಗ್.

ಭೌತವಿಜ್ಞಾನದ ವಿದ್ಯಾರ್ಥಿಗೆ ಯಂಗ್ ಎಂದರೆ ಜೋಡಿ ಸೀಳುಗಳ ಪ್ರಯೋಗ. ಎಂಜಿನಿಯರಿಗೆ ಯಂಗ್ ಮಾಡ್ಯುಲಸ್. ಪ್ರಾಚೀನ ಈಜಿಪ್ಟಿನ ಆಸಕ್ತರಿಗೆ ರೊಸೆಟ್ಟಾ ಶಿಲೆಯ ಲಿಪಿಯನ್ನು ಓದಲು ಹೊರಟವರಲ್ಲಿ ಒಬ್ಬ. ಇಷ್ಟೆಲ್ಲ ಖ್ಯಾತಿಯ ನಡುವೆ ಒಂದು ಹನಿಯ ಅಂಚಿನಲ್ಲಿ ಆತ ಕಂಡದ್ದನ್ನು ನೆನೆಯುವವರು ಕಡಿಮೆ. ದಿನನಿತ್ಯದ ಬದುಕಿನಲ್ಲಿ ನಾವು ಮುಟ್ಟುವುದು ಮಾತ್ರ ಅದನ್ನೇ.

ಯಂಗ್ ಹುಟ್ಟಿದ್ದು 1773ರ ಜೂನ್ 13ರಂದು, ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಮಿಲ್ವರ್ಟನ್ ಎಂಬ ಊರಿನಲ್ಲಿ. ಕ್ವೇಕರ್ ಪಂಥದ ಕುಟುಂಬ; ಹತ್ತು ಮಕ್ಕಳಲ್ಲಿ ಹಿರಿಯವನು. ಎಳೆವೆಯ ಹಲವು ವರ್ಷ ತಾಯಿಯ ತಂದೆಯ ಮನೆಯಲ್ಲಿ ಬೆಳೆದ. ಎರಡನೆಯ ವಯಸ್ಸಿಗೆ ಸರಾಗವಾಗಿ ಓದುತ್ತಿದ್ದನೆಂದೂ ನಾಲ್ಕು ತುಂಬುವುದರೊಳಗೆ ಬೈಬಲನ್ನು ಎರಡು ಬಾರಿ ಓದಿ ಮುಗಿಸಿದ್ದನೆಂದೂ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಹದಿಹರೆಯ ದಾಟುವ ಮೊದಲೇ ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಟಾಲಿಯನ್‌ಗಳ ಜೊತೆಗೆ ಹೀಬ್ರೂ, ಅರಬ್ಬಿ, ಪಾರ್ಸಿ ಭಾಷೆಗಳಿಗೂ ಕೈಹಾಕಿದ್ದ. ಓದಿನ ಬಹುಪಾಲು ಸ್ವಂತದ್ದು. ಗುರುಗಳಿಗಿಂತ ಪುಸ್ತಕಗಳೇ ಹೆಚ್ಚು ಕಲಿಸಿದವು. ಈ ಅಭ್ಯಾಸವೇ ಮುಂದೆ ಆತನ ಬಲವೂ ದೌರ್ಬಲ್ಯವೂ ಆಯಿತು. ಬೇರೆಯವರಿಗೆ ಮೆಟ್ಟಿಲು ಮೆಟ್ಟಿಲಾಗಿ ವಿವರಿಸಬೇಕಾದ ಅಗತ್ಯವನ್ನು ಆತ ಎಂದೂ ಪೂರ್ಣವಾಗಿ ಅರಿಯಲಿಲ್ಲ.

ಲಂಡನ್ನಿನ ಹೆಸರಾಂತ ವೈದ್ಯ ರಿಚರ್ಡ್ ಬ್ರಾಕಲ್ಸ್‌ಬಿ ಯಂಗ್‌ನ ತಾಯಿಯ ಕಡೆಯ ಬಂಧು. ಆತನ ಪ್ರೇರಣೆಯಿಂದ ಹುಡುಗ ವೈದ್ಯಶಾಸ್ತ್ರಕ್ಕೆ ಬಂದ. ಓದಿನ ಮೊದಲ ವರ್ಷದಲ್ಲೇ, 1793ರಲ್ಲಿ, ಕಣ್ಣು ಹತ್ತಿರದ ಮತ್ತು ದೂರದ ವಸ್ತುಗಳಿಗೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಕುರಿತ ಆತನ ಪ್ರಬಂಧ ರಾಯಲ್ ಸೊಸೈಟಿಯಲ್ಲಿ ಮಂಡಿತವಾಯಿತು. ಮರುವರ್ಷ 21ನೆಯ ವಯಸ್ಸಿಗೆ ಆ ಸಂಸ್ಥೆಯ ಸದಸ್ಯನಾದ. ಎಡಿನ್‌ಬರೋ ಆಯಿತು, ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ 1796ರಲ್ಲಿ ವೈದ್ಯ ಪದವಿಯೂ ಆಯಿತು. ಲಂಡನ್ನಿನ ವೈದ್ಯ ಕಾಲೇಜಿನ ಪೂರ್ಣ ಸದಸ್ಯತ್ವಕ್ಕೆ ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯದ ಮುದ್ರೆಯೇ ಬೇಕಾಗಿದ್ದುದರಿಂದ 1797ರಲ್ಲಿ ಕೇಂಬ್ರಿಜ್ ಸೇರಿದ. ಅಲ್ಲಿನ ಪದವಿಗೆ ಆಂಗ್ಲಿಕನ್ ಚರ್ಚಿನ ನಿಷ್ಠೆ ಅಗತ್ಯವಾಗಿದ್ದ ಕಾಲ ಅದು. ಆ ಹೊತ್ತಿಗೆ ಯಂಗ್ ಹುಟ್ಟಿದ ಪಂಥದಿಂದ ದೂರವಾಗಿದ್ದ. ಅದೇ ವರ್ಷ ತೀರಿಕೊಂಡ ಬ್ರಾಕಲ್ಸ್‌ಬಿ ಲಂಡನ್ನಿನ ಮನೆಯನ್ನೂ ಸುಮಾರು 10,000 ಪೌಂಡ್ ಹಣವನ್ನೂ ಆತನಿಗೆ ಬಿಟ್ಟುಹೋದ. ಹೊಟ್ಟೆಪಾಡಿನ ಚಿಂತೆಯಿಲ್ಲದೆ ಇಷ್ಟಬಂದ ವಿಷಯವನ್ನು ಬೆನ್ನಟ್ಟುವ ಸ್ವಾತಂತ್ರ್ಯ ಹೀಗೆ ದೊರೆಯಿತು.

ಲಂಡನ್ನಿನಲ್ಲಿ ವೈದ್ಯನಾಗಿ ನೆಲೆಸಿದ ಯಂಗ್ 1801ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕನಾದ. ಅದೇ ಸಂಸ್ಥೆಯಲ್ಲಿ ರಸಾಯನ ವಿಜ್ಞಾನದ ಹಂಫ್ರಿ ಡೇವಿ ಉಪನ್ಯಾಸಗಳಿಂದ ಜನರನ್ನು ಮರುಳುಮಾಡುತ್ತಿದ್ದ. ಯಂಗ್‌ನ ಉಪನ್ಯಾಸಗಳಲ್ಲಿ ಸರಕು ಹೆಚ್ಚು, ಸೆಳೆತ ಕಡಿಮೆ. ಎರಡು ವರ್ಷಗಳಲ್ಲಿ ಆತ ಹುದ್ದೆ ಬಿಟ್ಟ. 1807ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾದ ಆ ಉಪನ್ಯಾಸಗಳು ಆ ಕಾಲದ ವಿಜ್ಞಾನದ ಭಂಡಾರವೇ ಸರಿ. ಎನರ್ಜಿ ಎಂಬ ಪದವನ್ನು ಇಂದಿನ ವೈಜ್ಞಾನಿಕ ಅರ್ಥಕ್ಕೆ ಸಮೀಪವಾಗಿ ಬಳಸಿದ್ದು ಅಲ್ಲಿಯೇ. ಮೇಲ್ಮೈ ಶಕ್ತಿ ಎಂದು ನಾವಿಂದು ಹೇಳುವಾಗ ಅದರ ಎರಡನೆಯ ಪದದ ಹಿಂದೆಯೂ ಯಂಗ್ ನಿಂತಿದ್ದಾನೆ.

ಬೆಳಕು ತರಂಗ ಸ್ವರೂಪದ್ದೆಂದು ಆತ ಹೇಳಿದ್ದು ಇದೇ ವರ್ಷಗಳಲ್ಲಿ. ನ್ಯೂಟನ್ನನ ಕಣ ಸಿದ್ಧಾಂತವನ್ನು ಪ್ರಶ್ನಿಸುವುದು ಇಂಗ್ಲೆಂಡಿನಲ್ಲಿ ಸಣ್ಣ ಅಪರಾಧವಾಗಿರಲಿಲ್ಲ. 1803ರಲ್ಲಿ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಹೆಸರು ಹೇಳದೆ ಆತನ ಮೇಲೆ ಹರಿಹಾಯ್ದ. ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಪದವಿಗೇರಿದ ಈ ವಕೀಲನ ಬರಹದಲ್ಲಿ ವಾದಕ್ಕಿಂತ ಮೂದಲಿಕೆಯೇ ಹೆಚ್ಚಾಗಿತ್ತು. ಯಂಗ್ 1804ರಲ್ಲಿ ಉತ್ತರವಾಗಿ ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿದ. ಮಾರಾಟವಾದದ್ದು ಒಂದೇ ಪ್ರತಿಯೆಂದು ಆತನೇ ಬರೆದುಕೊಂಡಿದ್ದಾನೆ. ವೈದ್ಯನಾದವನು ವೈದ್ಯವನ್ನು ಬಿಟ್ಟು ಬೇರೆ ವಿಷಯಗಳಲ್ಲಿ ಕಾಲ ಕಳೆಯುತ್ತಾನೆಂಬ ಮಾತು ರೋಗಿಗಳ ಕಿವಿಗೆ ಬಿದ್ದರೆ ವೃತ್ತಿಗೇ ಕುತ್ತು ಎಂಬ ಅಂಜಿಕೆ ಆತನನ್ನು ಕಾಡತೊಡಗಿತು. ಮುಂದಿನ ವರ್ಷಗಳಲ್ಲಿ ಎಷ್ಟೋ ಬರಹಗಳನ್ನು ಹೆಸರಿಲ್ಲದೆಯೇ ಪ್ರಕಟಿಸಿದ.

ದ್ರವಗಳ ಪ್ರಬಂಧ ಬಂದದ್ದು ಈ ಕಹಿಯ ವರ್ಷದ ಕೊನೆಯಲ್ಲಿ. ಕಿರಿದಾದ ಗಾಜಿನ ಕೊಳವೆಯಲ್ಲಿ ನೀರು ತಾನಾಗಿ ಮೇಲೇರುವುದನ್ನು, ಕೊಳವೆ ಕಿರಿದಾದಷ್ಟೂ ಹೆಚ್ಚು ಏರುವುದನ್ನು ಜೇಮ್ಸ್ ಜೂರಿನ್ 1718ರಲ್ಲೇ ಅಳೆದಿದ್ದ. ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ ಎಂಬ ಕಲ್ಪನೆಯನ್ನು ಜರ್ಮನಿಯ ಸೆಗ್ನರ್ 1751ರಲ್ಲಿ ಮುಂದಿಟ್ಟಿದ್ದ. ಈ ಬಿಡಿ ಎಳೆಗಳನ್ನು ಯಂಗ್ ಒಂದು ಹಗ್ಗವಾಗಿ ಹೊಸೆದ. ಯಾವುದೇ ಒಂದು ಘನವಸ್ತು ಹಾಗೂ ಒಂದು ದ್ರವದ ಜೋಡಿಗೆ ಅವೆರಡೂ ಸೇರುವ ಅಂಚಿನಲ್ಲಿ ನಿರ್ದಿಷ್ಟವಾದೊಂದು ಕೋನವಿರುತ್ತದೆ ಎಂಬುದು ಆತ ಸೇರಿಸಿದ ಹೊಸ ಮಾತು. ಹನಿ ಚಿಕ್ಕದಿರಲಿ ದೊಡ್ಡದಿರಲಿ, ಜೋಡಿ ಬದಲಾಗದಿದ್ದರೆ ಕೋನ ಬದಲಾಗದು.

ಏಕೆ ಹಾಗೆ? ಹನಿಯ ಅಂಚನ್ನು ಮೂರು ಎಳೆತಗಳು ಜಗ್ಗುತ್ತಿರುತ್ತವೆ. ಘನವಸ್ತುವಿನ ಒಣ ಮೇಲ್ಮೈ ಅಂಚನ್ನು ಹೊರಕ್ಕೆಳೆದು ಹನಿಯನ್ನು ಹರಡಲು ನೋಡುತ್ತದೆ. ದ್ರವದ ಸ್ವಂತ ಮೇಲ್ಮೈ ಎಳೆತ ಅದನ್ನು ಉಂಡೆಗಟ್ಟಿಸಲು ನೋಡುತ್ತದೆ. ಘನ ಮತ್ತು ದ್ರವಗಳು ಕೂಡಿದ ಗಡಿಯ ಎಳೆತವೂ ಒಳಮುಖವಾಗಿಯೇ ಇರುತ್ತದೆ. ಮೂರೂ ಸರಿದೂಗಿದಲ್ಲಿ ಅಂಚು ನಿಲ್ಲುತ್ತದೆ. ಅಲ್ಲಿ ಮೂಡುವ ಕೋನವೇ ಆ ಜೋಡಿಯ ಗುರುತು. ಚೊಕ್ಕಟವಾದ ಗಾಜಿನ ಮೇಲೆ ನೀರಿನ ಕೋನ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ, ಅಂದರೆ ನೀರು ಪೂರ್ತಿ ಹರಡಿಕೊಳ್ಳುತ್ತದೆ. ಪಾಲಿಥಿನ್ ಮೇಲೆ ಅದೇ ನೀರು ಸುಮಾರು 95ರಿಂದ 105 ಡಿಗ್ರಿಯ ಕೋನದಲ್ಲಿ ಗುಂಡಗೆ ನಿಲ್ಲುತ್ತದೆ.

ಈ ನಿಯಮವನ್ನು ಇಂದು ಒಂದು ಸಾಲಿನ ಸಮೀಕರಣವಾಗಿ ಬರೆಯುತ್ತಾರೆ; ಅದಕ್ಕೆ ಯಂಗ್‌ನ ಹೆಸರೇ ಇದೆ. ಸ್ವಾರಸ್ಯವೆಂದರೆ ಯಂಗ್‌ನ ಪ್ರಬಂಧದಲ್ಲಿ ಆ ಸಮೀಕರಣವೇ ಇಲ್ಲ. ಎಲ್ಲವನ್ನೂ ಆತ ಮಾತಿನಲ್ಲೇ, ಅದೂ ಬಹಳ ಬಿಗಿಯಾದ ಮಾತಿನಲ್ಲಿ ಹೇಳಿದ್ದ. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ಫ್ರಾನ್ಸಿನ ಲಪ್ಲಾಸ್ ದ್ರವದ ಬಾಗಿದ ಮೇಲ್ಮೈ ಕುರಿತು ಇಂಥದೇ ಫಲಿತಾಂಶಗಳನ್ನು ಭವ್ಯವಾದ ಗಣಿತದಲ್ಲಿ ಕಟ್ಟಿ 1806ರಲ್ಲಿ ಪ್ರಕಟಿಸಿದ. ವಿದ್ವಾಂಸ ಲೋಕ ಲಪ್ಲಾಸನ ಕಡೆ ತಿರುಗಿತು. ನೊಂದ ಯಂಗ್ 1809ರಲ್ಲಿ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯಲ್ಲಿ, ಮತ್ತೆ ಹೆಸರಿಲ್ಲದೆ, ಲಪ್ಲಾಸನ ಕೃತಿಯನ್ನು ಕಟುವಾಗಿ ವಿಮರ್ಶಿಸಿದ. ಎಪ್ಪತ್ತು ವರ್ಷಗಳ ನಂತರ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬ್ರಿಟಾನಿಕಾ ವಿಶ್ವಕೋಶದ ಲೇಖನವೊಂದರಲ್ಲಿ ಇದನ್ನು ತೂಗಿ ನೋಡಿದ. ಯಂಗ್‌ನ ತರ್ಕ ಸರಿಯಾದದ್ದು, ಎಷ್ಟೋ ಕಡೆ ಸೊಗಸಾದದ್ದು. ಆದರೆ ಗಣಿತದ ಚಿಹ್ನೆಗಳನ್ನು ಹಟಹಿಡಿದು ದೂರವಿಟ್ಟದ್ದರಿಂದ ಕೆಲವೆಡೆ ಮಸುಕಾಯಿತು ಎಂಬುದು ಆತನ ತೀರ್ಮಾನ. ಇದಕ್ಕಿಂತ ನ್ಯಾಯವಾದ ತೀರ್ಪು ಸಿಗುವುದು ಕಷ್ಟ.

ಯಂಗ್‌ನ ನಿಯಮದಲ್ಲಿ ಒಂದು ತೊಡಕು ಅಡಗಿದೆ. ಅದರಲ್ಲಿ ಬರುವ ನಾಲ್ಕು ಮೊತ್ತಗಳಲ್ಲಿ ದ್ರವದ ಎಳೆತವನ್ನೂ ಕೋನವನ್ನೂ ಅಳೆಯಬಹುದು. ಘನವಸ್ತುವಿನ ಮೇಲ್ಮೈ ಶಕ್ತಿ, ಘನ ಮತ್ತು ದ್ರವದ ನಡುವಣ ಗಡಿಯ ಶಕ್ತಿ ಇವೆರಡನ್ನು ನೇರವಾಗಿ ಅಳೆಯಲು ಸುಲಭದ ಉಪಾಯವಿಲ್ಲ. ಘನ ತಾನಾಗಿ ಏನನ್ನೂ ಹೇಳದು. ದ್ರವವೊಂದನ್ನು ಅದರ ಮೇಲಿಟ್ಟು ಏನಾಗುತ್ತದೆಂದು ನೋಡಿಯೇ ಅದರ ಗುಣವನ್ನು ಊಹಿಸಬೇಕು. ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಬಹುದಾಗಿತ್ತು. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಪಾಲಿಥಿನ್ ದೊರೆತದ್ದು ಕಥೆಯನ್ನು ಬದಲಿಸಿತು.

ನೀರಿನ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 73 ಡೈನ್. ಪಾಲಿಥಿನ್ನಿನ ಮೇಲ್ಮೈ ಶಕ್ತಿ ಅದೇ ಮಾನದಲ್ಲಿ ಸುಮಾರು 31. ಪಾಲಿಪ್ರೊಪಿಲೀನ್‌ನದು ಇನ್ನೂ ತುಸು ಕಡಿಮೆ. ದ್ರವ ಚೆನ್ನಾಗಿ ಹರಡಬೇಕಾದರೆ ಅದರ ಎಳೆತ ಹಾಳೆಯ ಶಕ್ತಿಗಿಂತ ಕಡಿಮೆ ಇರಬೇಕು. ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ವಿಲಿಯಂ ಜಿಸ್‌ಮನ್ ಮತ್ತು ಸಂಗಡಿಗರು 1950ರಿಂದ ಈಚೆಗೆ ಇದನ್ನು ವ್ಯವಸ್ಥಿತವಾಗಿ ಅಳೆದರು. ಬೇರೆ ಬೇರೆ ಎಳೆತದ ದ್ರವಗಳನ್ನು ಒಂದೇ ಪ್ಲಾಸ್ಟಿಕ್ ಮೇಲಿಟ್ಟು ಕೋನಗಳನ್ನು ಗುರುತಿಸಿ, ಕೋನ ಸೊನ್ನೆಯಾಗುವ ಎಳೆತ ಯಾವುದೆಂದು ಲೆಕ್ಕ ಹಾಕಿದರು. ಯಂಗ್ ಕಂಡ ಕೋನ ಒಂದೂವರೆ ಶತಮಾನದ ನಂತರ ಅಳತೆಗೋಲಾಯಿತು.

ಅದೇ ದಶಕದಲ್ಲಿ ಉದ್ಯಮ ಪರಿಹಾರವನ್ನೂ ಕಂಡುಕೊಂಡಿತು. ಹಾಳೆ ಉರುಳೆಗಳ ಮೇಲೆ ಓಡುವಾಗ ಅದರ ಮೇಲೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತನ್ನು ಗಾಳಿಯ ಮೂಲಕ ಹಾಯಿಸುತ್ತಾರೆ. ಗಾಳಿಯ ಆಕ್ಸಿಜನ್ ಮೇಲ್ಮೈಯ ಅಣುಗಳಿಗೆ ಅಂಟಿಕೊಂಡು ಅದರ ಶಕ್ತಿಯನ್ನು ಏರಿಸುತ್ತದೆ. ಇದಕ್ಕೆ ಕರೋನಾ ಸಂಸ್ಕರಣೆ ಎಂದು ಹೆಸರು. ನಾವೆಲ್ಲ ಬೆದರಿದ್ದ ವೈರಾಣುವಿಗೂ ಇದಕ್ಕೂ ಸಂಬಂಧವಿಲ್ಲ. ಬದಲಾಗುವುದು ಮೇಲಿನ ಕೆಲವೇ ನ್ಯಾನೊಮೀಟರ್ ಪದರ ಮಾತ್ರ. ಕಣ್ಣಿಗೆ ಹಾಳೆ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ ಅಳೆಯದೆ ವಿಧಿಯಿಲ್ಲ. ಅಳೆಯುವ ಸರಳ ವಿಧಾನ ಹೀಗಿದೆ: ಗೊತ್ತಾದ ಎಳೆತದ ಪರೀಕ್ಷಾ ದ್ರವಗಳ ಸರಣಿಯೊಂದಿರುತ್ತದೆ. ಒಂದನ್ನು ಹತ್ತಿಯಲ್ಲಿ ಅದ್ದಿ ಹಾಳೆಯ ಮೇಲೆ ತೆಳುವಾಗಿ ಸವರುತ್ತಾರೆ. ಪದರ ಎರಡು ಸೆಕೆಂಡುಗಳವರೆಗೆ ಒಡೆಯದೆ ನಿಂತರೆ ಮುಂದಿನ ಹೆಚ್ಚಿನ ಎಳೆತದ ದ್ರವಕ್ಕೆ ಹೋಗುತ್ತಾರೆ. ಬೇಗನೆ ಹನಿಗಳಾಗಿ ಒಡೆದರೆ ಕೆಳಗಿನದಕ್ಕೆ ಇಳಿಯುತ್ತಾರೆ. ಎರಡು ಸೆಕೆಂಡು ನಿಲ್ಲುವ ದ್ರವದ ಅಂಕಿಯೇ ಹಾಳೆಯ ಅಂಕಿ. ಮುದ್ರಣಕ್ಕೆ ಸಾಮಾನ್ಯವಾಗಿ 38ರಿಂದ 42 ಡೈನ್ ಬೇಕೆನ್ನುತ್ತಾರೆ. ಹೆಚ್ಚು ಕರಾರುವಾಕ್ಕಾಗಿ ತಿಳಿಯಬೇಕಾದವರು ನೀರಿನ ಹನಿಯ ಕೋನವನ್ನೇ ಉಪಕರಣದಿಂದ ಅಳೆಯುತ್ತಾರೆ.

ಈ ಅಂಕಿ ಶಾಶ್ವತವಲ್ಲ ಎಂಬುದೇ ಇಲ್ಲಿನ ಮುಖ್ಯ ಎಚ್ಚರ. ಹಾಳೆ ಒಂದಕ್ಕೊಂದು ಅಂಟದಿರಲೆಂದು ಬೆರೆಸಿದ ಮೇಣದಂಥ ವಸ್ತುಗಳು ದಿನ ಕಳೆದಂತೆ ಒಳಗಿನಿಂದ ಮೇಲೇರಿ ಬರುತ್ತವೆ. ಸಂಸ್ಕರಣೆಯ ಪರಿಣಾಮ ಇಳಿಯುತ್ತದೆ. ತಯಾರಾದ ದಿನ ತೇರ್ಗಡೆಯಾದ ಸುರುಳಿ ಗೋದಾಮಿನಲ್ಲಿ ಕೆಲವು ತಿಂಗಳು ಮಲಗಿದ ಮೇಲೆ ಅನುತ್ತೀರ್ಣವಾಗಬಹುದು. ವಿದ್ಯುತ್ತು ಅತಿಯಾದರೂ ಕೇಡೇ: ಮೇಲ್ಪದರ ಶಿಥಿಲವಾಗಿ ಶಾಯಿ ಅದರೊಡನೆಯೇ ಕಿತ್ತುಬರಬಹುದು, ಪೊಟ್ಟಣದ ಅಂಚನ್ನು ಕಾಯಿಸಿ ಮುಚ್ಚುವುದೂ ಕಷ್ಟವಾಗಬಹುದು. ಪರೀಕ್ಷಾ ದ್ರವಗಳಲ್ಲಿ ಹಿಂದಿನಿಂದ ಬಳಸುತ್ತ ಬಂದ ಫಾರ್ಮಮೈಡ್ ಹುಟ್ಟಲಿರುವ ಶಿಶುವಿಗೆ ಅಪಾಯಕರವಾದ ರಾಸಾಯನಿಕ. ಕೈಗವಸು, ಗಾಳಿಯಾಡುವ ಕೋಣೆ ಇಲ್ಲದೆ ಅದನ್ನು ಮುಟ್ಟಬಾರದು. ಅಂಕಿಯೊಂದನ್ನು ಒಮ್ಮೆ ಬರೆದಿಟ್ಟು ಅದನ್ನೇ ನಂಬುವವರಿಗೆ ಯಂಗ್‌ನ ನಿಯಮ ಒಂದು ಪಾಠ. ಕೋನ ಹೇಳುವುದು ಆ ಕ್ಷಣದ, ಆ ಜೋಡಿಯ ಸತ್ಯವನ್ನು ಮಾತ್ರ.

ಯಂಗ್ ಮಾತ್ರ ದ್ರವಗಳ ಬಳಿ ಹೆಚ್ಚು ಕಾಲ ನಿಲ್ಲಲಿಲ್ಲ. 1811ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯನಾದ. 1813ರಲ್ಲಿ ಭಾಷೆಗಳ ಕುರಿತ ವಿಮರ್ಶೆಯೊಂದರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಂಥ ನುಡಿಗಳ ಕುಟುಂಬಕ್ಕೆ ಇಂಡೋ-ಯುರೋಪಿಯನ್ ಎಂಬ ಹೆಸರು ಬಳಸಿದ. 1814ರಿಂದ ರೊಸೆಟ್ಟಾ ಶಿಲೆಯ ಬೆನ್ನು ಹತ್ತಿದ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಟಾಲೆಮಿ ದೊರೆಯ ಹೆಸರನ್ನು ಗುರುತಿಸಿದ. ಪೂರ್ಣ ಬೀಗ ತೆರೆದ ಕೀರ್ತಿ 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್‌ಗೆ ಸಂದಿತು. 1818ರಿಂದ ನಾವಿಕರ ಪಂಚಾಂಗದ ಮೇಲ್ವಿಚಾರಣೆ ಆತನ ಹೆಗಲೇರಿತು. ಬ್ರಿಟಾನಿಕಾ ವಿಶ್ವಕೋಶದ ಪುರವಣಿಗೆ ಅರವತ್ತಕ್ಕೂ ಹೆಚ್ಚು ಲೇಖನಗಳನ್ನು ಬರೆದ. ದ್ರವಗಳ ಅಂಟುಗುಣವನ್ನು ಕುರಿತ ಲೇಖನದಲ್ಲಿ, ಕಣಗಳ ನಡುವಿನ ಸೆಳೆತ ಒಂದು ಇಂಚಿನ 25 ಕೋಟಿ ಭಾಗಗಳಲ್ಲಿ ಒಂದರಷ್ಟು ದೂರಕ್ಕೆ ಮಾತ್ರ ಚಾಚುತ್ತದೆಂದು ಅಂದಾಜಿಸಿದ. ಅಣುಗಳ ಇರುವಿಕೆಯೇ ತಕರಾರಿನ ವಿಷಯವಾಗಿದ್ದ ದಿನಗಳಲ್ಲಿ ಇದು ಬೆರಗಿನ ಲೆಕ್ಕ. ಅದನ್ನು ಯಾರೂ ಗಮನಿಸಲಿಲ್ಲ. 1890ರಲ್ಲಿ ಲಾರ್ಡ್ ರೇಲಿ ಎತ್ತಿ ತೋರಿಸಬೇಕಾಯಿತು.

ವೈದ್ಯವೃತ್ತಿಯಲ್ಲಿ ಆತನಿಗೆ ದೊಡ್ಡ ಹೆಸರು ಬರಲಿಲ್ಲ. 1804ರಲ್ಲಿ ಕೈಹಿಡಿದ ಎಲಿಜಾ ಮ್ಯಾಕ್ಸ್‌ವೆಲ್‌ಳೊಂದಿಗಿನ ಸಂಸಾರ ನೆಮ್ಮದಿಯದಾಗಿತ್ತು; ಮಕ್ಕಳಿರಲಿಲ್ಲ. ಕೊನೆಯ ದಿನಗಳಲ್ಲಿ ಈಜಿಪ್ಟಿನ ನಿಘಂಟೊಂದನ್ನು ತಿದ್ದುತ್ತಿದ್ದ. ಲೇಖನಿ ಹಿಡಿಯಲಾಗದಷ್ಟು ಬಳಲಿದಾಗ ಪೆನ್ಸಿಲಿನಲ್ಲಿ ಮುಂದುವರಿಸಿದ. 1829ರ ಮೇ 10ರಂದು 55ನೆಯ ವಯಸ್ಸಿನಲ್ಲಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆತನ ಸ್ಮಾರಕ ಫಲಕವಿದೆ.

ಇಷ್ಟೊಂದು ಕಡೆ ಹರಿದ ಬುದ್ಧಿ ಒಂದೇ ಕಡೆ ನಿಂತಿದ್ದರೆ ಇನ್ನೂ ದೊಡ್ಡದನ್ನು ಸಾಧಿಸುತ್ತಿತ್ತು ಎಂಬ ಮಾತು ಯಂಗ್‌ನ ಕಾಲದಿಂದಲೂ ಇದೆ. ಅದರಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಬೆಳಕಿನಲ್ಲಿ ಫ್ರೆನೆಲ್, ಲಿಪಿಯಲ್ಲಿ ಶಾಂಪೋಲಿಯನ್, ದ್ರವದಲ್ಲಿ ಲಪ್ಲಾಸ್, ಹೀಗೆ ಪ್ರತಿ ಸಲವೂ ಆತ ಬಾಗಿಲು ತೆರೆದ, ಬೇರೊಬ್ಬರು ಒಳಗೆ ಹೋಗಿ ಮನೆಮಾಡಿದರು. ವಿವರಿಸಿ ಹೇಳುವ ತಾಳ್ಮೆಯಿಲ್ಲದ ವಿದ್ವತ್ತು ತನಗೆ ತಾನೇ ಅಡ್ಡಿಯಾಗುತ್ತದೆಂಬುದಕ್ಕೆ ಯಂಗ್ ಒಂದು ನಿದರ್ಶನ. ಆದರೆ ಮಾತಿಗೆ ಇನ್ನೊಂದು ಮಗ್ಗುಲಿದೆ. ವೈದ್ಯನೊಬ್ಬ ತನ್ನ ಗೆರೆಯೊಳಗೇ ಇರಬೇಕೆಂದು ಬಯಸಿದ ಸಮಾಜ ಆತನ ಹೆಸರನ್ನು ಆತನ ಬರಹಗಳಿಂದಲೇ ಮರೆಮಾಡಿಸಿತು. ಆ ಒತ್ತಡಕ್ಕೆ ಮಣಿದು ಆತ ಪೂರ್ತಿ ಸುಮ್ಮನಾಗಿದ್ದರೆ ನಷ್ಟ ಯಾರದಾಗುತ್ತಿತ್ತು?

ಹದಿನಾರರ ಆಸುಪಾಸಿನಲ್ಲೇ ಮಕ್ಕಳನ್ನು ವಿಜ್ಞಾನ, ವಾಣಿಜ್ಯ, ಕಲೆ ಎಂದು ಮೂರು ಸಾಲುಗಳಲ್ಲಿ ನಿಲ್ಲಿಸುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಯಾವ ಓದು ಯಾವ ಕಾಲಕ್ಕೆ ಉಪಯೋಗಕ್ಕೆ ಬರುತ್ತದೆಂಬುದನ್ನು ಪ್ರವೇಶ ಪರೀಕ್ಷೆಯ ಅಂಕಪಟ್ಟಿ ಹೇಳಲಾರದು. ಹನಿಯೊಂದರ ಅಂಚನ್ನು ಯಂಗ್ ದಿಟ್ಟಿಸಿದಾಗ ಅದರಿಂದ ಯಾವ ರೋಗಿಯೂ ಗುಣವಾಗಲಿಲ್ಲ, ಯಾವ ಯಂತ್ರವೂ ಓಡಲಿಲ್ಲ. ಅದು ಕೈಗೆ ಬರಲು ನೂರೈವತ್ತು ವರ್ಷ ಹಿಡಿಯಿತು; ಅದನ್ನು ಬಳಸಲಿದ್ದ ವಸ್ತುವೇ ಆಗಿನ್ನೂ ಹುಟ್ಟಿರಲಿಲ್ಲ. ಅಂಥ ನೋಟಕ್ಕೆ ಕಾಲವನ್ನೂ ಮರ್ಯಾದೆಯನ್ನೂ ಕೊಡುವ ವ್ಯವಧಾನ ನಮ್ಮ ಶಾಲೆ, ಕಾಲೇಜು, ಮನೆಗಳಲ್ಲಿ ಎಷ್ಟಿದೆ ಎಂಬುದನ್ನು ಅಳೆದುಕೊಳ್ಳುವುದು ಒಳ್ಳೆಯದು.